ಪವರ್ ಸ್ಟೇರಿಂಗ್ ಆಯಿಲ್ ಪದೇ ಪದೇ ಇಳಿಯುತ್ತಿದೆ, ಸುಮ್ನೆ ತುಂಬಿಸುತ್ತಾ ಹೋದರೆ ಸಾಕಾ?

ಕೆಂಗೇರಿ ಸ್ಯಾಂಟ್ರೋ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪನ 2009ರ ಸ್ಯಾಂಟ್ರೋ ಈಗ ನನ್ನ ಕೈಗೆ ಬಂದಿದೆ. ಓಡಿರುವುದು 1 ಲಕ್ಷ 12 ಸಾವಿರ ಕಿಲೋಮೀಟರ್. ಅಪ್ಪ ತುಂಬಾ ಜೋಪಾನ ಮಾಡಿದ ಗಾಡಿ. ಈಗ ಒಂದೇ ತೊಂದರೆ. ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ರಿವರ್ಸ್ ತೆಗೆಯುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬಾನೆಟ್ ಒಳಗಿನಿಂದ ‘ಗುಂಯ್’ ಅಂತ ಸದ್ದು ಬರುತ್ತದೆ. ನೇರ ಮಾಡಿದರೆ ನಿಲ್ಲುತ್ತದೆ.

ಜೂನ್‌ನಲ್ಲಿ ಮೆಕ್ಯಾನಿಕ್ ನೋಡಿ ಪವರ್ ಸ್ಟೇರಿಂಗ್ ಆಯಿಲ್ ಕಡಿಮೆಯಾಗಿದೆ ಅಂದರು, ತುಂಬಿಸಿದರು. ಸದ್ದು ಹೋಯಿತು. ಆಗಸ್ಟ್‌ನಲ್ಲಿ ಮತ್ತೆ ಅದೇ ಕಥೆ. ಈಗ ಮೂರನೇ ಸಲ. ‘ಹಳೆ ಗಾಡಿ ಸರ್, ಸ್ವಲ್ಪ ಕುಡಿಯುತ್ತೆ’ ಅನ್ನುತ್ತಾರೆ. ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ನಮ್ಮ ಪಾರ್ಕಿಂಗ್ ಜಾಗದಲ್ಲಿ ಬಿಳಿ ಟೈಲ್ಸ್ ಇದೆ, ಬಿದ್ದರೆ ಕಾಣದೇ ಇರುವುದಿಲ್ಲ. ಹಾಗಾದರೆ ಆಯಿಲ್ ಎಲ್ಲಿಗೆ ಹೋಗುತ್ತಿದೆ? ನಾನೇ ಚೆಕ್ ಮಾಡಿ ತುಂಬಿಸುವುದು ಹೇಗೆ? ಯಾವ ಆಯಿಲ್ ಹಾಕಬೇಕು?

ಪೀಣ್ಯ ಹೈಡ್ರಾಲಿಕ್ · ಶುಕ್ರವಾರ ರಾತ್ರಿ 10:25

ತಮ್ಮಾ, ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಪವರ್ ಸ್ಟೇರಿಂಗ್ ಆಯಿಲ್ ಖರ್ಚಾಗುವ ವಸ್ತು ಅಲ್ಲ. ಇಂಜಿನ್ ಆಯಿಲ್ ಸ್ವಲ್ಪ ಉರಿದು ಹೋಗಬಹುದು. ಬ್ರೇಕ್ ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಮಟ್ಟ ಇಳಿಯಬಹುದು. ಇದು ಹಾಗಲ್ಲ. ಬಾನೆಟ್ ಒಳಗಿನ ಆಯಿಲ್ ಡಬ್ಬಿಯಿಂದ ಪಂಪು, ಪಂಪಿನಿಂದ ಪ್ರೆಶರ್ ಹೋಸು, ಹೋಸಿನಿಂದ ಚಕ್ರಗಳನ್ನು ತಿರುಗಿಸುವ ಸ್ಟೇರಿಂಗ್ ರ್‍ಯಾಕು, ಅಲ್ಲಿಂದ ರಿಟರ್ನ್ ಪೈಪಿನಲ್ಲಿ ವಾಪಸ್ ಡಬ್ಬಿಗೆ. ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಹೊರಗೆ ಹೋಗಿದೆ. ‘ಗಾಡಿ ಕುಡಿಯುತ್ತೆ’ ಅನ್ನುವ ಮಾತನ್ನು ಒಪ್ಪಬೇಡಿ.

ಸದ್ದು ಯಾಕೆ ಅಂದರೆ, ಮಟ್ಟ ಇಳಿದಾಗ ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಆ ಗಾಳಿಯೇ ‘ಗುಂಯ್’ ಅನ್ನುವುದು. ಪಂಪಿನ ಒಳಗಿನ ಭಾಗಗಳಿಗೆ ಜಾರಿಕೆ ಕೊಡುವುದೂ ಅದೇ ಆಯಿಲ್. ಹಾಗೇ ಓಡಿಸಿದರೆ ಆಯಿಲ್ ತಡೆಯುವ ಚಿಕ್ಕ ರಬ್ಬರ್ ಸೀಲಿನಲ್ಲಿ ಮುಗಿಯುವ ಕೆಲಸ ಪಂಪಿನ ತನಕ ಬೆಳೆಯುತ್ತದೆ.

ಒಂದು ಎಚ್ಚರಿಕೆ. ಟೈರಿಗೆ ನಾವು ಹಾಕಿಸುವ ಗಾಳಿ 30 ಪಿಎಸ್‌ಐ ಆಸುಪಾಸು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಒತ್ತಿ ಹಿಡಿದಾಗ ಪ್ರೆಶರ್ ಹೋಸಿನಲ್ಲಿ 1000 ಪಿಎಸ್‌ಐ ದಾಟುತ್ತದೆ. ಇಂಜಿನ್ ಓಡುತ್ತಿರುವಾಗ ಎಲ್ಲಿ ಸೋರುತ್ತಿದೆ ಅಂತ ಬೆರಳಿನಿಂದ ಸವರಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಮೊದಲು ಗೊತ್ತೇ ಆಗುವುದಿಲ್ಲ, ಆಮೇಲೆ ಕೈ ಉಳಿಸಿಕೊಳ್ಳಲು ಆಪರೇಷನ್ ಬೇಕಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಈ ಲೈನಿನಲ್ಲಿ ಇದ್ದೇನೆ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನಿಗೆ ಹೀಗೆ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಟಾರ್ಚು, ಒಂದು ರಟ್ಟಿನ ತುಂಡು, ಇಂಜಿನ್ ಆಫ್. ಅಷ್ಟು ಸಾಕು.

ಜಯನಗರ ಸ್ವಿಫ್ಟ್ · ಶುಕ್ರವಾರ ರಾತ್ರಿ 10:50

ನನ್ನ ಸ್ವಿಫ್ಟ್‌ನಲ್ಲಿ ಈ ಡಬ್ಬಿ ಎಲ್ಲಿದೆ ಸರ್? ಬಾನೆಟ್ ತೆಗೆದು ಹುಡುಕಿದೆ, ಸಿಗಲಿಲ್ಲ.

ಪೀಣ್ಯ ಹೈಡ್ರಾಲಿಕ್ · ಶುಕ್ರವಾರ ರಾತ್ರಿ 10:58

ಇಲ್ಲ, ಇರುವುದಿಲ್ಲ. ನಿಮ್ಮದು ಎಲೆಕ್ಟ್ರಿಕ್ ಸ್ಟೇರಿಂಗ್. ಮೋಟರ್ ಸಹಾಯ ಮಾಡುತ್ತದೆ, ಆಯಿಲ್ ಕೆಲಸವೇ ಇಲ್ಲ. ಈಗ ಬರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹಾಗೇ. ಸರ್ವೀಸ್ ಬಿಲ್ಲಿನಲ್ಲಿ ಯಾರಾದರೂ ಪವರ್ ಸ್ಟೇರಿಂಗ್ ಆಯಿಲ್ ಅಂತ ಬರೆದರೆ ಎಲ್ಲಿ ಹಾಕಿದಿರಿ ತೋರಿಸಿ ಅಂತ ಕೇಳಿ. ಇನ್ನೊಂದು, ಹುಡುಕುವಾಗ ಕಂಡ ಬೇರೆ ಯಾವ ಡಬ್ಬಿಗೂ ಏನನ್ನೂ ಸುರಿಯಬೇಡಿ.

ಬನಶಂಕರಿ 2ನೇ ಹಂತ · ಶನಿವಾರ ಬೆಳಿಗ್ಗೆ 7:15

ಆ ಕೊನೆಯ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ನಾಲ್ಕು ವರ್ಷದ ಹಿಂದೆ ತುಮಕೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹಳೆ ಸೆಡಾನ್ ಸ್ಟೇರಿಂಗ್ ಸದ್ದು ಮಾಡಿತು. ರಸ್ತೆ ಬದಿಯ ಅಂಗಡಿಯಲ್ಲಿ ನಿಲ್ಲಿಸಿದೆವು. ಅಲ್ಲಿದ್ದ ಹುಡುಗ ‘ಎರಡೂ ಒಂದೇ ಅಕ್ಕ’ ಅಂತ ಹೇಳಿ ಸ್ಟೇರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಹಾಕಿದ. ನಮ್ಮವರು ಪಕ್ಕದಲ್ಲೇ ನಿಂತಿದ್ದರು, ನಾವಿಬ್ಬರೂ ನಂಬಿದೆವು. ಎರಡು ವಾರ ಏನೂ ಗೊತ್ತಾಗಲಿಲ್ಲ. ಮೂರನೇ ವಾರ ರ್‍ಯಾಕಿನ ಎರಡೂ ಕಡೆಯಿಂದ ಸೋರಲು ಶುರು. ಸೀಲ್‌ಗಳು ಊದಿಕೊಂಡು ಮೆತ್ತಗಾಗಿದ್ದವು. ರ್‍ಯಾಕು, ಪಂಪಿನ ಸೀಲು, ಹೋಸು ಎಲ್ಲ ಸೇರಿ ಇಪ್ಪತ್ತೊಂದು ಸಾವಿರ ಆಯಿತು. ಆ ತಿಂಗಳು ಮಗಳ ಫೀಸು ಕಟ್ಟುವುದು ತಡವಾಯಿತು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ದಯವಿಟ್ಟು ಮುಚ್ಚಳದ ಮೇಲೆ ಏನು ಬರೆದಿದೆ ಓದಿ. ಓದಿದ ಮೇಲೆ ಬಾಟಲಿಯ ಮೇಲೆ ಬರೆದಿದ್ದನ್ನೂ ಓದಿ.

ಪೀಣ್ಯ ಹೈಡ್ರಾಲಿಕ್ · ಶನಿವಾರ ಬೆಳಿಗ್ಗೆ 7:40

ಅಕ್ಕ, ನಿಮಗಾದದ್ದು ನಿಜಕ್ಕೂ ಬೇಜಾರಿನ ವಿಷಯ. ಕಾರಣ ಹೇಳುತ್ತೇನೆ. ಬ್ರೇಕ್ ಆಯಿಲ್ ಅನ್ನುವುದು ಹೆಸರಿಗೆ ಆಯಿಲ್. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್‌ನಿಂದ ಮಾಡಿದ್ದು. ಸ್ಟೇರಿಂಗ್ ಆಯಿಲ್ ಎಣ್ಣೆ ಜಾತಿ. ಒಂದಕ್ಕೆ ಹೊಂದುವ ರಬ್ಬರ್ ಇನ್ನೊಂದಕ್ಕೆ ಆಗುವುದಿಲ್ಲ. ಉಲ್ಟಾ ಆದರೆ ಇನ್ನೂ ಅಪಾಯ. ಬ್ರೇಕ್ ಡಬ್ಬಿಗೆ ಸ್ಟೇರಿಂಗ್ ಆಯಿಲ್ ಬಿದ್ದರೆ ಅಲ್ಲಿನ ರಬ್ಬರ್ ಊದಿ ಬ್ರೇಕೇ ಕೈಕೊಡಬಹುದು.

ತಪ್ಪಿ ಹಾಕಿಬಿಟ್ಟರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಸ್ಟೇರಿಂಗನ್ನೂ ಅಲ್ಲಾಡಿಸಬೇಡಿ. ಡಬ್ಬಿಯಲ್ಲೇ ಇರುವ ತನಕ ಹೀರಿ ತೆಗೆಯಬಹುದು. ಒಂದು ಸಲ ಸುತ್ತು ಹೊಡೆಯಿತು ಅಂದರೆ ಇಡೀ ಲೈನ್ ತೊಳೆಯಬೇಕು.

ಸ್ಯಾಂಟ್ರೋ ತಮ್ಮಾ, ನಿಮ್ಮ ಕಾರಿನ ಪುಸ್ತಕದಲ್ಲಿ ಆಯಿಲಿನ ಹೆಸರು ಪಿಎಸ್‌ಎಫ್-3 ಅಂತ ಇರಬೇಕು, ತೆಗೆದು ನೋಡಿ. ಎಷ್ಟೋ ಟೊಯೋಟಾ ಗಾಡಿಗಳಿಗೆ ಡೆಕ್ಸ್‌ರಾನ್ ಜಾತಿಯ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಹೋಂಡಾಗೆ ಅವರದೇ ಬೇರೆ, ಯುರೋಪಿನ ಕೆಲವು ಗಾಡಿಗಳಿಗೆ ಹಸಿರು ಬಣ್ಣದ್ದು. ಕೆಂಪನ್ನೂ ಹಸಿರನ್ನೂ ಬೆರೆಸಲೇಬಾರದು. ಹಾಗಂತ ಬಣ್ಣ ಒಂದೇ ಇದ್ದ ಮಾತ್ರಕ್ಕೆ ಆಯಿಲ್ ಒಂದೇ ಅಂತಲೂ ಅಲ್ಲ.

ವಿಜಯನಗರ ಕ್ವಾಲಿಸ್ · ಶನಿವಾರ ಬೆಳಿಗ್ಗೆ 9:05

ನಾನು ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವನು. ಈಗ ಮನೆಯಲ್ಲಿದ್ದೇನೆ. ಚೆಕ್ ಮಾಡುವುದು ಹೇಗೆ ಅಂತ ಕೇಳಿದ್ದೀಯಲ್ಲ, ನಾನು ಮಾಡುತ್ತಿದ್ದ ಹಾಗೆ ಹೇಳುತ್ತೇನೆ.

ಗಾಡಿ ಸಮತಟ್ಟಾದ ಜಾಗದಲ್ಲಿ ಇರಬೇಕು. ಬೇಸ್‌ಮೆಂಟಿನ ರ್‍ಯಾಂಪ್ ಹತ್ತಿರ ನಿಲ್ಲಿಸಿ ನೋಡಬೇಡ, ಮಟ್ಟ ಸುಳ್ಳು ಹೇಳುತ್ತದೆ. ಚಕ್ರ ನೇರ ಇರಲಿ. ಹ್ಯಾಂಡ್‌ಬ್ರೇಕ್ ಹಾಕು. ಪುಸ್ತಕದಲ್ಲಿ ಬಿಸಿಯಾಗಿದ್ದಾಗ ನೋಡು ಅಂತಿದೆಯಾ, ತಣ್ಣಗಿದ್ದಾಗ ಅಂತಿದೆಯಾ, ಅದನ್ನು ಮೊದಲು ತಿಳಿದುಕೋ. ಕೆಲವು ಡಬ್ಬಿಗಳಲ್ಲಿ ಹಾಟ್, ಕೋಲ್ಡ್ ಅಂತ ಎರಡು ಗೆರೆ ಇರುತ್ತದೆ. ನಿನ್ನದರಲ್ಲಿ ಮ್ಯಾಕ್ಸ್, ಮಿನ್ ಇರಬಹುದು. ಹಳೆ ಪ್ಲಾಸ್ಟಿಕ್ ಡಬ್ಬಿ ಹಳದಿಯಾಗಿ ಒಳಗಿನದು ಕಾಣುವುದಿಲ್ಲ. ಹಿಂದುಗಡೆ ಟಾರ್ಚು ಹಿಡಿ, ಗೆರೆ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಮುಚ್ಚಳ ತಿರುಗಿಸುವ ಮೊದಲು ಹಳೆ ಬನಿಯನ್ ಬಟ್ಟೆಯಿಂದ ಮುಚ್ಚಳ, ಅದರ ಸುತ್ತ, ಚೆನ್ನಾಗಿ ಒರೆಸು. ನಮ್ಮ ಊರಿನ ಧೂಳು ನಿನಗೆ ಗೊತ್ತಲ್ಲ, ಮೆಟ್ರೋ ಕೆಲಸ ನಡೆಯುವ ರಸ್ತೆಯಲ್ಲಿ ಒಂದು ವಾರ ಓಡಿಸಿದರೆ ಮುಚ್ಚಳದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕೂತಿರುತ್ತದೆ. ಒಂದು ಚಿಟಿಕೆ ಒಳಗೆ ಬಿದ್ದರೆ ಪಂಪಿಗೆ ಮರಳು ಕಾಗದ ಉಜ್ಜಿದಂತೆ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ.

ಆಮೇಲೆ ಆಯಿಲ್ ಹೇಗಿದೆ ನೋಡು. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡು. ತಿಳಿಯಾಗಿ ಹರಡಿದರೆ ಸರಿ. ನಡುವೆ ಕಪ್ಪು ಚುಕ್ಕಿ ಉಳಿದರೆ ಹಳೆಯದಾಗಿದೆ, ರಬ್ಬರ್ ಸವೆದು ಬರುತ್ತಿರಬಹುದು. ಮೂಸಿ ನೋಡು, ಸುಟ್ಟ ವಾಸನೆ ಇರಬಾರದು. ಮಜ್ಜಿಗೆ ಕಡೆದ ಹಾಗೆ ನೊರೆ ಇದ್ದರೆ ಗಾಳಿಯೋ ನೀರೋ ಸೇರಿದೆ.

ತುಂಬಿಸುವಾಗ ಒಣಗಿದ ಚಿಕ್ಕ ಲಾಳಿಕೆ ಇಟ್ಟು ನಿಧಾನವಾಗಿ ಹಾಕು. ಸ್ವಲ್ಪ ಹಾಕು, ನೋಡು, ಮತ್ತೆ ಹಾಕು. ಇಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಮೆಲ್ಲಗೆ ಆ ತುದಿಯಿಂದ ಈ ತುದಿಗೆ ನಾಲ್ಕೈದು ಸಲ ತಿರುಗಿಸು. ತುದಿ ಮುಟ್ಟಿದ ಕೂಡಲೇ ವಾಪಸ್ ಬಾ, ಅಲ್ಲೇ ಒತ್ತಿ ಹಿಡಿಯಬೇಡ. ಹಿಡಿದರೆ ಪ್ರೆಶರ್ ಪೂರ್ತಿ ಏರಿ ಆಯಿಲ್ ಕಾಯುತ್ತದೆ. ಆಮೇಲೆ ಇನ್ನೊಂದು ಸಲ ಮಟ್ಟ ನೋಡು.

ಹೆಬ್ಬಾಳ ಬೊಲೆರೋ · ಶನಿವಾರ ಬೆಳಿಗ್ಗೆ 11:30

ಮ್ಯಾಕ್ಸ್ ಗೆರೆಗಿಂತ ಸ್ವಲ್ಪ ಮೇಲೆ ತುಂಬಿಸಿಬಿಟ್ಟರೆ ಜಾಸ್ತಿ ದಿನ ಬರುತ್ತದೆ ಅಲ್ವಾ? ನಾನು ಹಾಗೇ ಮಾಡುತ್ತಿದ್ದೇನೆ. ಲೀಕ್ ನಿಲ್ಲಿಸುವ ಬಾಟಲಿಯೂ ಸಿಗುತ್ತದೆ, ಅದನ್ನು ಹಾಕಿದರೆ ಬಿಚ್ಚುವ ತಲೆನೋವೇ ಇಲ್ಲ.

ಪೀಣ್ಯ ಹೈಡ್ರಾಲಿಕ್ · ಶನಿವಾರ ಮಧ್ಯಾಹ್ನ 12:10

ಎರಡನ್ನೂ ಮಾಡಬೇಡಿ ಸರ್. ಬಿಸಿಯಾದಾಗ ಆಯಿಲ್ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಮುಚ್ಚಳದ ಉಸಿರುತೂತಿನಿಂದ ಹೊರಗೆ ಬರುತ್ತದೆ. ಅದು ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟು ಜಾರುತ್ತದೆ, ಬೇಗ ಹಾಳಾಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ ಬರುತ್ತದೆ, ಬೆಂಕಿಯೂ ಹೊತ್ತಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಡಬ್ಬಿಯ ಸುತ್ತ ಒದ್ದೆ ನೋಡಿ ಲೀಕ್ ಅಲ್ಲೇ ಇದೆ ಅಂದುಕೊಳ್ಳುತ್ತೀರಿ, ನಿಜವಾದ ಜಾಗ ತಪ್ಪಿ ಹೋಗುತ್ತದೆ.

ಬಾಟಲಿಯ ಔಷಧಿ ಮಾಡುವುದು ಇಷ್ಟೇ, ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಸ್ವಲ್ಪ ಊದಿಸುತ್ತದೆ. ಒಣಗಿದ ಸೀಲಿಗೆ ಕೆಲವು ದಿನ ನಡೆಯಬಹುದು. ಹರಿದ ಸೀಲಿಗೆ, ಬಿರಿದ ಹೋಸಿಗೆ, ರ್‍ಯಾಕಿನೊಳಗೆ ಆಚೀಚೆ ಸರಿಯುವ ರಾಡಿಗೆ ತುಕ್ಕು ಹಿಡಿದಿದ್ದರೆ ಅದಕ್ಕೆ ಏನೂ ಮಾಡುವುದಿಲ್ಲ.

ಸ್ಯಾಂಟ್ರೋ ತಮ್ಮಾ, ನೆಲದಲ್ಲಿ ಹನಿ ಇಲ್ಲ ಅಂದಿರಿ. ನನಗೆ ರ್‍ಯಾಕಿನ ಬೂಟಿನ ಮೇಲೆ ಅನುಮಾನ. ರ್‍ಯಾಕಿನ ಎರಡೂ ತುದಿಯಲ್ಲಿ ಅಕಾರ್ಡಿಯನ್ ಮಡಿಕೆಯಂಥ ರಬ್ಬರ್ ಬೂಟು ಇರುತ್ತದೆ. ಒಳಗಿನ ಸೀಲು ಹೋದರೆ ಆಯಿಲ್ ಹೊರಗೆ ಬೀಳುವುದಿಲ್ಲ, ಬೂಟಿನೊಳಗೇ ತುಂಬಿಕೊಳ್ಳುತ್ತದೆ. ಜಾಕಿಯೂ ಬೇಡ. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಇಂಜಿನ್ ಆಫ್ ಮಾಡಿ. ಎಡ ಚಕ್ರದ ಹಿಂದೆ ಕೈ ಹೋಗುವಷ್ಟು ಜಾಗ ಆಗುತ್ತದೆ. ಬೂಟನ್ನು ಹಿಸುಕಿ ನೋಡಿ. ಖಾಲಿ ಇದ್ದರೆ ಗಾಳಿ ತುಂಬಿದ ಹಾಗೆ ಹಗುರವಾಗಿ ಒಳಗೆ ಹೋಗುತ್ತದೆ. ಎಡಗಡೆ ಆದ ಮೇಲೆ ಬಲಗಡೆಯೂ ನೋಡಿ. ಎಷ್ಟೋ ರ್‍ಯಾಕುಗಳಲ್ಲಿ ಎರಡು ಬೂಟಿಗೂ ನಡುವೆ ಒಂದು ಗಾಳಿ ಕೊಳವೆ ಇರುತ್ತದೆ, ಒಂದು ಕಡೆಯ ಆಯಿಲ್ ಇನ್ನೊಂದು ಕಡೆ ಸೇರಬಹುದು.

ಕೆಂಗೇರಿ ಸ್ಯಾಂಟ್ರೋ · ಭಾನುವಾರ ಬೆಳಿಗ್ಗೆ 8:20

ಪೀಣ್ಯ ಅಣ್ಣ, ನೀವು ಹೇಳಿದ್ದೇ ಸರಿ.

ಬೆಳಿಗ್ಗೆ ಆರೂವರೆಗೇ ಎದ್ದು ಕೆಳಗೆ ಹೋದೆ. ಪುಸ್ತಕದಲ್ಲಿ ಪಿಎಸ್‌ಎಫ್-3 ಅಂತಲೇ ಇದೆ. ಟಾರ್ಚು ಹಿಡಿದಾಗ ಮಟ್ಟ ಮಿನ್ ಗೆರೆಗಿಂತ ಒಂದು ಬೆರಳು ಕೆಳಗೆ. ಟಿಶ್ಯೂ ಮೇಲೆ ಹನಿ ಬಿಟ್ಟೆ, ಕಂದು ಬಣ್ಣ, ನಡುವೆ ಕಪ್ಪು ಚುಕ್ಕಿ.

ಎಡ ಬೂಟು ಹಿಸುಕಿದೆ, ಖಾಲಿ, ಸಲೀಸಾಗಿ ಒಳಗೆ ಹೋಯಿತು. ಬಲಗಡೆಯದು ನೀರು ತುಂಬಿದ ಬಲೂನಿನ ಹಾಗೆ ಕೈಗೆ ಭಾರ ಬಂತು, ‘ಚಳಕ್’ ಅಂತು. ಒಳಗಡೆಯ ಕ್ಲಿಪ್ ಸ್ವಲ್ಪ ಸಡಿಲ ಮಾಡಿ ಕೆಳಗೆ ಹಳೆ ಸ್ಟೀಲ್ ಬಟ್ಟಲು ಇಟ್ಟೆ. ಕಪ್ಪಾದ ಆಯಿಲ್ ದಾರದ ಹಾಗೆ ಇಳಿಯಿತು. ಅಳೆದೆ, ಹತ್ತಿರ ಹತ್ತಿರ ಮುಕ್ಕಾಲು ಲೋಟ. ಜೂನ್‌ನಿಂದ ಹಾಕಿಸಿದ ಆಯಿಲ್ ಅಷ್ಟೂ ಅಲ್ಲೇ ಕೂತಿತ್ತು.

ಅಪ್ಪನನ್ನು ಕೇಳಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಕಡೆ ಔಟರ್ ರಿಂಗ್ ರೋಡಿನಲ್ಲಿ ನೀರು ನಿಂತಿತ್ತಲ್ಲ, ಅವತ್ತು ಅತ್ತೆಯ ಮನೆಯಿಂದ ಬರುತ್ತಾ ಗಾಡಿ ಬಾಗಿಲಿನ ಮಟ್ಟದ ನೀರಿನಲ್ಲಿ ನಿಂತಿತ್ತಂತೆ. ಮುಂದಿನ ವರ್ಷ ಸರ್ವೀಸಿಗೆ ಬಿಟ್ಟಾಗ ‘ಬಲಗಡೆ ಬೂಟು ಹರಿದಿದೆ’ ಅಂತ ಹೊಸದು ಹಾಕಿದ್ದರಂತೆ. ಬೂಟು ಮಾತ್ರ. ಒಳಗೆ ಏನಾಗಿದೆ ಅಂತ ಯಾರೂ ನೋಡಿಲ್ಲ.

ಪೀಣ್ಯ ಹೈಡ್ರಾಲಿಕ್ · ಭಾನುವಾರ ಬೆಳಿಗ್ಗೆ 9:00

ಅಲ್ಲಿಗೆ ಎಲ್ಲ ಗೊತ್ತಾಯಿತು. ಹರಿದ ಬೂಟಿನಿಂದ ಕೆಸರು ನೀರು ಒಳಗೆ ಹೋಗಿದೆ. ಕನ್ನಡಿಯ ಹಾಗೆ ನುಣುಪಾಗಿರಬೇಕಾದ ರಾಡಿಗೆ ತುಕ್ಕಿನ ಚುಕ್ಕೆ ಬಿದ್ದಿದೆ. ಪ್ರತಿ ಸಲ ಸ್ಟೇರಿಂಗ್ ತಿರುಗಿಸಿದಾಗ ಆ ಚುಕ್ಕೆ ಸೀಲನ್ನು ಕೆರೆದಿದೆ. ಹೊಸ ಬೂಟು ಆ ಗಾಯವನ್ನು ಮುಚ್ಚಿಟ್ಟಿತು ಅಷ್ಟೇ.

ರ್‍ಯಾಕ್ ಇಳಿಸಿಯೇ ನೋಡಬೇಕು. ರಾಡ್ ಮೇಲೆ ಉಗುರು ಆಡಿಸಿ. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಸೀಲ್ ಕಿಟ್ ಸಾಕು. ಸಿಕ್ಕಿಕೊಂಡರೆ ಹೊಸ ಸೀಲು ಹಾಕಿದರೂ ಕೆಲವೇ ತಿಂಗಳು. ಆಗ ರಾಡ್ ಸಮೇತ ಬದಲಾಯಿಸಬೇಕು, ಇಲ್ಲವೇ ರೀಕಂಡೀಷನ್ ಮಾಡಿದ ರ್‍ಯಾಕ್ ತೆಗೆದುಕೊಳ್ಳಬೇಕು. ಜೆ.ಸಿ. ರೋಡಿನಲ್ಲಿ ಹಳೆಯದನ್ನು ಕೊಟ್ಟು ಬದಲಿಗೆ ತರಬಹುದು, ಗ್ಯಾರಂಟಿ ಬರೆಸಿಕೊಳ್ಳಿ. ಶಿವಾಜಿನಗರದ ಗುಜರಿ ರ್‍ಯಾಕ್ ಅಗ್ಗ, ಆದರೆ ಅದು ಯಾವ ನೀರಿನಲ್ಲಿ ಮುಳುಗಿತ್ತೋ ಯಾರಿಗೆ ಗೊತ್ತು. ಸ್ಟೇರಿಂಗ್ ವಿಷಯದಲ್ಲಿ ನಾನಂತೂ ಬೇಡ ಅನ್ನುತ್ತೇನೆ.

ರ್‍ಯಾಕ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ವಿಜಯನಗರ ಕ್ವಾಲಿಸ್ · ಭಾನುವಾರ ಬೆಳಿಗ್ಗೆ 9:30

ಮಗು, ಗ್ಯಾರೇಜಿಗೆ ಹೋಗುವ ತನಕ ಮಟ್ಟ ತುಂಬಿಸಿಕೊಂಡು ನಿಧಾನವಾಗಿ ಓಡಿಸು. ಆಯಿಲ್ ಪೂರ್ತಿ ಖಾಲಿಯಾದರೂ ಸ್ಟೇರಿಂಗ್ ಕೆಲಸ ಮಾಡುತ್ತದೆ, ಆದರೆ ಒಮ್ಮೆಲೇ ಭಾರವಾಗುತ್ತದೆ. ತಿರುವಿನ ಮಧ್ಯೆ ಹಾಗಾದರೆ ಕೈ ಬೆದರುತ್ತದೆ. ಇದೇ ಕಾರಣಕ್ಕೆ ನಂದಿ ಬೆಟ್ಟದಿಂದ ಇಳಿಯುವಾಗ ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡುವವರಿಗೆ ನಾನು ಕೈ ಮುಗಿದು ಹೇಳುತ್ತಿದ್ದೆ, ಬೇಡ ಅಂತ. ಇಂಜಿನ್ ನಿಂತರೆ ಪಂಪು ನಿಂತಿತು. ಬ್ರೇಕ್ ಹಗುರವಾಗಿ ಒತ್ತಲು ಸಹಾಯ ಮಾಡುವ ಬೂಸ್ಟರ್ ಕೂಡ ಒಂದೆರಡು ಸಲ ಒತ್ತುವಷ್ಟರಲ್ಲಿ ಖಾಲಿ.

ರಾಜರಾಜೇಶ್ವರಿನಗರ · ಭಾನುವಾರ ಬೆಳಿಗ್ಗೆ 10:15

ಕೆಂಗೇರಿಯವರೇ, ಆ ಮುಕ್ಕಾಲು ಲೋಟ ಆಯಿಲ್ ಏನು ಮಾಡಿದಿರಿ? ದಯವಿಟ್ಟು ಬೇಸ್‌ಮೆಂಟಿನ ಚರಂಡಿಗೆ ಸುರಿಯಬೇಡಿ. ನಮ್ಮ ಎರಡೂ ಕಡೆಯ ಚರಂಡಿ ಸೇರುವುದು ವೃಷಭಾವತಿಗೆ. ಅದು ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಹೋಗುತ್ತದೆ. ನನ್ನ ತಾಯಿಯ ಊರು ಆ ಕಡೆ. ಅಲ್ಲಿನ ಹೊಲಗಳಿಗೆ ಅದೇ ನೀರು. ನೊರೆ ನೋಡಿಕೊಂಡೇ ಬೆಳೆದವಳು ನಾನು.

ಕೆಂಗೇರಿ ಸ್ಯಾಂಟ್ರೋ · ಭಾನುವಾರ ಬೆಳಿಗ್ಗೆ 10:22

ಇಲ್ಲ ಮೇಡಂ, ಹಳೆ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಇಟ್ಟಿದ್ದೇನೆ. ಗ್ಯಾರೇಜಿನಲ್ಲಿ ಹಳೆ ಆಯಿಲ್ ಡ್ರಮ್ ಇದೆ, ರೀಸೈಕಲ್ ಮಾಡುವವರು ಬಂದು ಒಯ್ಯುತ್ತಾರೆ. ಅಲ್ಲಿಗೇ ಕೊಡುತ್ತೇನೆ.

ಹೆಬ್ಬಾಳ ಬೊಲೆರೋ · ಭಾನುವಾರ ಸಂಜೆ 6:40

ಪೀಣ್ಯ ಸರ್ ಹೇಳಿದ ಮೇಲೆ ನನ್ನ ಗಾಡಿಯನ್ನೂ ನೋಡಿದೆ. ರಿಟರ್ನ್ ಪೈಪಿನ ಕ್ಲಿಪ್ ಸಡಿಲ ಆಗಿತ್ತು, ಅದರ ಕೆಳಗೆ ಧೂಳು ಆಯಿಲ್ ಸೇರಿ ಅಂಟಿನ ಹಾಗೆ ಕೂತಿತ್ತು. ಹೊಸ ಕ್ಲಿಪ್ ಹಾಕಿ ಬಿಗಿ ಮಾಡಿದೆ. ಜಾಸ್ತಿ ಇದ್ದ ಆಯಿಲ್ ಅನ್ನು ಮೆಡಿಕಲ್ ಶಾಪಿನಿಂದ ದೊಡ್ಡ ಸಿರಿಂಜ್ ತಂದು ಹೀರಿ ತೆಗೆದೆ. ಇದೇ ಸಿರಿಂಜಿನಿಂದ ಹಳೆ ಆಯಿಲ್ ಬದಲಾಯಿಸಬಹುದಾ?

ಪೀಣ್ಯ ಹೈಡ್ರಾಲಿಕ್ · ಭಾನುವಾರ ರಾತ್ರಿ 8:05

ಖಂಡಿತ. ಡಬ್ಬಿಯಲ್ಲಿರುವುದನ್ನು ಹೀರಿ, ಹೊಸದು ಹಾಕಿ, ಎರಡು ದಿನ ಓಡಿಸಿ, ಮತ್ತೆ ಹೀರಿ. ಡಬ್ಬಿಯಲ್ಲಿ ಇರುವುದು ಒಟ್ಟು ಆಯಿಲಿನ ಒಂದು ಪಾಲು ಮಾತ್ರ, ಹಾಗಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಾಲ್ಕೈದು ಸಲ ಮಾಡಿದರೆ ಬಣ್ಣ ತಿಳಿಯಾಗುತ್ತದೆ. ಆ ಸಿರಿಂಜಿನ ಮೇಲೆ ‘ಸ್ಟೇರಿಂಗ್’ ಅಂತ ಬರೆದು ಬೇರೆ ಇಡಿ, ಬ್ರೇಕ್ ಆಯಿಲಿಗೆ ಬಳಸಬೇಡಿ.

ಕೆಂಗೇರಿ ಸ್ಯಾಂಟ್ರೋ · ಮೂರು ವಾರದ ನಂತರ, ಶನಿವಾರ ಸಂಜೆ 5:30

ಕೆಲಸ ಆಯಿತು, ಹೇಳಬೇಕು ಅನ್ನಿಸಿತು.

ರಾಡ್ ಮೇಲೆ ಉಗುರು ಆಡಿಸಿದಾಗ ಮೂರು ಕಡೆ ಸಿಕ್ಕಿಕೊಂಡಿತು. ರೀಕಂಡೀಷನ್ ರ್‍ಯಾಕ್ ಹಾಕಿಸಿದೆ, ಆರು ತಿಂಗಳ ಗ್ಯಾರಂಟಿ ಬರೆಸಿಕೊಂಡೆ. ಕೂಲಿ, ಹೊಸ ಆಯಿಲ್, ಅಲೈನ್‌ಮೆಂಟ್ ಎಲ್ಲ ಸೇರಿ ಹನ್ನೆರಡು ಸಾವಿರದ ಚಿಲ್ಲರೆ. ಆಯಿಲ್ ಲೈನಿನೊಳಗೆ ಸೇರಿದ ಗಾಳಿ ತೆಗೆಯುವಾಗ ನಾನೂ ಜೊತೆಯಲ್ಲಿ ನಿಂತಿದ್ದೆ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟರು. ಇಂಜಿನ್ ಆಫ್ ಇರುವಾಗಲೇ ನಾನು ಸ್ಟೇರಿಂಗ್ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದೆ, ಮೆಕ್ಯಾನಿಕ್ ಡಬ್ಬಿ ನೋಡುತ್ತಾ ಆಯಿಲ್ ಸೇರಿಸಿದರು. ಮೊದಲು ಗುಳ್ಳೆ ಪುಳುಪುಳು ಬಂತು. ಹನ್ನೆರಡನೇ ಸುತ್ತಿಗೆ ಕಡಿಮೆಯಾಯಿತು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಇನ್ನೂ ನಾಲ್ಕು ಸುತ್ತು.

ಬನಶಂಕರಿ ಅಕ್ಕ, ನಿಮ್ಮ ಮಾತು ನೆನಪಿಟ್ಟು ಬಾಟಲಿಯ ಮೇಲಿನ ಹೆಸರು ನಾನೇ ಓದಿದೆ, ಮೆಕ್ಯಾನಿಕ್‌ಗೂ ತೋರಿಸಿ ಆಮೇಲೆ ಮುಚ್ಚಳ ತೆಗೆಸಿದೆ.

ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಸರಿಯಾಗಿ ಒಂದು ಬಿಳಿ ಟೇಪ್ ಅಂಟಿಸಿದ್ದೇನೆ. ಮೈಸೂರಿಗೆ ಹೋಗಿ ಬಂದದ್ದೂ ಸೇರಿ 640 ಕಿಲೋಮೀಟರ್ ಆಗಿದೆ. ಇವತ್ತು ಬೆಳಿಗ್ಗೆ ಅಪ್ಪನೂ ಟಾರ್ಚು ಹಿಡಿದುಕೊಂಡು ಕೆಳಗೆ ಬಂದರು. ಆಯಿಲ್ ಟೇಪಿನ ಗೆರೆಯಲ್ಲೇ ಇದೆ. ಬಲ ಬೂಟು ಹಿಸುಕಿದರೆ ಗಾಳಿಯ ಸದ್ದು ಮಾತ್ರ.